ನೆವಿಲ್ ಕಟ್ಸ್‌ಗೆ ನಿಜ ಹೇಳಿದ ದಿನ

ನಾನೀಗ ಹೇಳಹೊರಟಿರುವುದು ಅಪ್ಪಟ ಸತ್ಯಕಥೆ. ಗಾಳ ಹಿಡಿದವನ ಬಾಯಲ್ಲಿ ಈ ಮಾತು ಬಂದ ತಕ್ಷಣ ಕೇಳುವವರು ಎರಡೂ ಕೈ ಅಗಲಿಸಿ ‘ಇಷ್ಟುದ್ದ ಇತ್ತಾ ಮೀನು?’ ಎಂದು ಹಂಗಿಸುವುದು ವಾಡಿಕೆ. ಹಾಗೆ ಹಂಗಿಸುವವರು ನಮ್ಮ ಪಿನ್‌ಫೋಲ್ಡ್ ಕೊಳಕ್ಕೆ ಬಂದಿಲ್ಲ ಎಂದಷ್ಟೇ ಅದರ ಅರ್ಥ. ಬೇರೆ ಕಡೆ ಸುಳ್ಳು ಹೇಳಿ ಮೀನನ್ನು ಬೆಳೆಸುತ್ತಾರೆ. ನಾವು ಸುಳ್ಳು ಹೇಳಿ ಇಳಿಸುತ್ತೇವೆ. ಭಾನುವಾರದ ಪಂದ್ಯದಲ್ಲಿ ಪಕ್ಕದ ಗೂಟದ ಬಳಿ ಗಾಳ ಹಾಕಿ ಕೂತವನು ‘ಎಷ್ಟಾಯ್ತು?’ ಎಂದು ಕೂಗಿದರೆ, ನೀರಲ್ಲಿ ಇಳಿಬಿಟ್ಟ ಬಲೆಚೀಲದಲ್ಲಿ ಅರವತ್ತು ಪೌಂಡ್ ಗೆಂಡೆಮೀನು ಒದ್ದಾಡುತ್ತಿದ್ದರೂ ಮುಖ ಬಾಡಿಸಿಕೊಂಡು ‘ಮೂವತ್ತಾದ್ರೆ ಹೆಚ್ಚು’ ಅನ್ನಬೇಕು. ಕೇಳಿದವನು ಅದನ್ನು ಮನಸ್ಸಿನಲ್ಲೇ ದುಪ್ಪಟ್ಟು ಮಾಡಿಕೊಂಡು ‘ಓಹೋ, ಅರವತ್ತು’ ಎಂದು ತಿಳಿದುಕೊಳ್ಳುತ್ತಾನೆ. ಹೇಳಿದ್ದು ಸುಳ್ಳು, ತಿಳಿದದ್ದು ನಿಜ, ಯಾರಿಗೂ ನಷ್ಟವಿಲ್ಲ. ಇಂಗ್ಲೆಂಡಿನ ನಮ್ಮ ಡಾನ್‌ಕಾಸ್ಟರಿನ ಸುತ್ತಮುತ್ತ ತೂಕದ ಮಾತಿಗೆ ಮೂರು ಕಾಸಿನ ತೂಕವಿಲ್ಲದ ಜಾಗ ಅದೊಂದೇ ಇರಬೇಕು.

ಈ ಕಥೆಯ ನಾಯಕ ನೆವಿಲ್ ಕಟ್ಸ್. ನಮಗೆಲ್ಲ ನೆವ್. ಕೆಲಸದಲ್ಲಿದ್ದಷ್ಟು ಕಾಲವೂ ಊರಿನ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವನು. ನಿವೃತ್ತನಾದ ಮೇಲೆ ಬಸ್ಸು ಬಿಟ್ಟ, ತಪಾಸಣೆ ಬಿಡಲಿಲ್ಲ. ಯಾರಾದರೂ ಗುಡ್ ಮಾರ್ನಿಂಗ್ ಅಂದರೆ ಒಮ್ಮೆ ಆಕಾಶ ನೋಡಿ ಖಚಿತಪಡಿಸಿಕೊಂಡೇ ಮರುಮಾತು. ಅಂಗಡಿಯಲ್ಲಿ ಎರೆಗೆಂದು ಹುಳ ಕೊಂಡರೆ, ಡಬ್ಬಿಯ ಮೇಲಿನ ಹುಳಗಳನ್ನು ಬೆರಳಲ್ಲಿ ಪಕ್ಕಕ್ಕೆ ಸರಿಸಿ ಕೆಳಗಿನವುಗಳ ಆರೋಗ್ಯ ವಿಚಾರಿಸುತ್ತಾನೆ.

ಅವನ ಈ ಗುಣಕ್ಕೆ ನಾನೂ ಸ್ವಲ್ಪ ಗೊಬ್ಬರ ಹಾಕಿದ್ದೇನೆ ಎನ್ನಬಹುದು. ನನಗೆ ಮಿಮಿಕ್ರಿಯ ಚಟ. ಕಾಲೇಜಿನಲ್ಲಿ ಪಾಠ ಹೇಳುವಾಗಲೂ ರಾಜನದೊಂದು ದನಿ, ಮಂತ್ರಿಯದೊಂದು ದನಿ. ಕ್ಲಬ್ಬಿನಲ್ಲಿ ನನ್ನ ಹೆಸರೇ ಗಿಳಿ. ಕೊಳದ ಮಾಲೀಕ ಗ್ರೇಟೊರೆಕ್ಸ್‌ನ ಮೂಗುದನಿಯಂತೂ ನನ್ನ ಗಂಟಲಿಗೆ ಅಳತೆ ಕೊಟ್ಟು ಹೊಲಿಸಿದಂತಿದೆ. ಒಮ್ಮೆ ಆ ದನಿಯಲ್ಲಿ ನೆವ್‌ಗೆ ಫೋನ್ ಮಾಡಿ, ‘ನಮ್ಮ ಬಾತುಕೋಳಿಯೊಂದು ನಿಮ್ಮ ಕಾರಿನ ಡಿಕ್ಕಿಯಲ್ಲಿ ಬಂದಿದೆಯಂತೆ, ವಾಪಸ್ ತಂದುಕೊಡಿ’ ಎಂದಿದ್ದೆ. ಪಾಪ, ಡಿಕ್ಕಿಯನ್ನೆಲ್ಲ ಬಗೆದು ನೋಡಿದನಂತೆ. ಅದಾದ ಮೇಲೆ ಒಂದು ದಿನ ಸಾಕ್ಷಾತ್ ಗ್ರೇಟೊರೆಕ್ಸೇ ಫೋನ್ ಮಾಡಿ ಪಂದ್ಯ ಮುಂದಕ್ಕೆ ಹೋಗಿದೆ ಎಂದು ತಿಳಿಸಿದಾಗ ನೆವ್, ‘ಮೂಗು ಇನ್ನೂ ಸ್ವಲ್ಪ ಕಟ್ಟಬೇಕು ಕಣೋ ಗಿಳಿ. ಆ ಬೋಳುತಲೆ ಜಿಪುಣ ಇಷ್ಟು ಮರ್ಯಾದೆಯಾಗಿ ಮಾತಾಡಲ್ಲ’ ಅಂದು ಫೋನಿಟ್ಟ. ಭಾನುವಾರ ಖಾಲಿ ದಡದಲ್ಲಿ ಒಬ್ಬನೇ ನಿಂತಿದ್ದ. ಗ್ರೇಟೊರೆಕ್ಸ್ ಇವತ್ತಿಗೂ ಅವನೆದುರು ಟೋಪಿ ತೆಗೆಯುವುದಿಲ್ಲ.

ವರ್ಷದ ಕೊನೆಯ ಪಂದ್ಯಕ್ಕೆ ನಮ್ಮ ಕ್ಲಬ್ಬಿನಲ್ಲಿ ಕೊಡುವುದು ಕಪ್ಪಲ್ಲ, ಕೆಟಲು. ಕಪ್ಪಗಿದೆ ಅನ್ನುವುದು ಬೇರೆ ಮಾತು. ಕಲ್ಲಿದ್ದಲ ಗಣಿ ಮುಚ್ಚುವ ಮೊದಲು ಕ್ಲಬ್ಬು ಕಟ್ಟಿದ ಹಿರಿಯರು ದಡದಲ್ಲಿ ಚಹಾ ಕಾಸುತ್ತಿದ್ದ ಕೆಟಲು ಅದು. ಮೂತಿ ಸೊಟ್ಟ, ಮುಚ್ಚಳ ಇನ್ಯಾವುದೋ ಪಾತ್ರೆಯದು. ಗೆದ್ದವನ ಹೆಸರನ್ನು ಅದರ ತಳದಲ್ಲಿ ಮೊಳೆಯಿಂದ ಗೀಚುತ್ತಾರೆ. ಗೆದ್ದವನು ವರ್ಷವಿಡೀ ಅದನ್ನು ಮನೆಯಲ್ಲಿಟ್ಟುಕೊಂಡು, ಮರುವರ್ಷದ ಪಂದ್ಯದ ಬೆಳಗ್ಗೆ ಅದರಲ್ಲೇ ಎಲ್ಲರಿಗೂ ಚಹಾ ಮಾಡಿ ಕೊಡಬೇಕು. ನೆವ್ ಎಷ್ಟೋ ಸಲ ಎರಡನೆಯವನಾಗಿದ್ದಾನೆ. ಆದರೆ ಎರಡನೆಯವರ ಹೆಸರಿಗೆ ಆ ತಳದಲ್ಲಿ ಜಾಗವಿಲ್ಲ.

ಆ ವರ್ಷ ಅವನಿಗದು ಕೊನೆಯ ಅವಕಾಶ. ಬಲಭುಜದ ಕೀಲು ಸವೆದುಹೋಗಿತ್ತು. ಚಳಿಗಾಲಕ್ಕೆ ಮುಂಚೆ ಶಸ್ತ್ರಚಿಕಿತ್ಸೆ, ಆಮೇಲೆ ಉದ್ದದ ಗಳ ಮುಟ್ಟಕೂಡದೆಂದು ಡಾಕ್ಟರ ಅಪ್ಪಣೆ. ನಮ್ಮ ಪಂದ್ಯದಲ್ಲಿ ಆ ಗಳವೇ ಸರ್ವಸ್ವ. ತುಂಡಿಗೆ ತುಂಡು ಸಿಕ್ಕಿಸುತ್ತ ಹೋದರೆ ಒಂದು ಬಸ್ಸಿಗಿಂತ ಉದ್ದವಾಗುತ್ತದೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ದಿನವಿಡೀ ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೆಯುತ್ತಿರಬೇಕು. ಭುಜದ ಸುದ್ದಿಯನ್ನು ನೆವ್ ಯಾರಿಗೂ ಹೇಳಿರಲಿಲ್ಲ, ದಡದ ಕ್ಯಾಂಟೀನಿನ ಡೊರೀನ್‌ಗೆ ಬಿಟ್ಟು. ಡೊರೀನ್ ಕಿವಿಗೆ ಬಿದ್ದ ಗುಟ್ಟು ಬೇಕನ್ ಹುರಿಯುವ ವಾಸನೆಯ ಜೊತೆಗೇ ಕೊಳದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬರುತ್ತದೆ.

ಹಾಗಾಗಿ ನೆವ್‌ಗೆ ಆ ಸಲ ಎರಡು ಅನುಮಾನ. ಒಂದು, ನಾವೆಲ್ಲ ಸೇರಿ ಕೆಟಲು ಅವನ ಕೈಗೆ ಸಿಗದ ಹಾಗೆ ಮಾಡುತ್ತೇವೆ ಅನ್ನುವುದು. ಇದು ಹಳೆಯದು, ಅದಕ್ಕೆ ಅವನೂ ಒಗ್ಗಿಕೊಂಡಿದ್ದ. ಎರಡನೆಯದು ಹೊಸದು, ಅವನ ನಿದ್ದೆ ಕೆಡಿಸಿದ್ದು: ನಾವೆಲ್ಲ ಸೇರಿ ಅಯ್ಯೋ ಪಾಪ ಎಂದು ಕೆಟಲನ್ನು ಅವನ ಕೈಗೆ ಹಾಕಿಬಿಟ್ಟರೆ?

‘ಡೊರೀನ್, ಒಂದು ಮಾತು ಹೇಳ್ತೀನಿ ಕೇಳು,’ ಎಂದು ಅವನು ಅವಳಿಗೆ ಹೇಳಿದ್ದು ನಮಗೂ ತಲುಪಿತ್ತು. ‘ಇವರಲ್ಲಿ ಒಬ್ಬನಾದ್ರೂ ನನಗೋಸ್ಕರ ಕೈ ಸಡಿಲ ಬಿಟ್ಟ ಅಂತ ಗೊತ್ತಾದ್ರೆ, ಆ ಕೆಟಲು ತಗೊಂಡು ಕೊಳದ ನಡುವಿಗೆ ಎಸೀತೀನಿ. ನಾನು ಯಾರಿಂದಲೂ ಪುಕ್ಕಟೆ ಟಿಕೆಟ್ ತಗೊಂಡವನಲ್ಲ.’

ಇಂಥವನನ್ನು ಏನು ಮಾಡುವುದು? ಪ್ರತಿ ವರ್ಷದಂತೆ ಕಾಡುವುದೇ ಸರಿ ಎಂದು ನಾನೂ ಸ್ಟ್ಯಾನಿಫೋರ್ತೂ ಬುಧವಾರ ಸಂಜೆ ಪಬ್ಬಿನಲ್ಲಿ ಕೂತು ತೀರ್ಮಾನಿಸಿದೆವು. ಗ್ಯಾರಿ ಸ್ಟ್ಯಾನಿಫೋರ್ತ್, ನಮಗೆಲ್ಲ ಸ್ಟ್ಯಾನ್, ಗಾರೆ ಕೆಲಸದವನು, ದೊಡ್ಡ ದೇಹ, ಅದಕ್ಕೆ ಸರಿಸಮನಾದ ಸೋಮಾರಿತನ, ಆದರೆ ಗಳ ಹಿಡಿದರೆ ರಾಕ್ಷಸ. ಕೆಟಲಿನ ತಳದಲ್ಲಿ ಅವನ ಹೆಸರು ಎಷ್ಟು ಸಲ ಇದೆಯೆಂದರೆ ತೂತು ಬೀಳುವ ಭಯ.

‘ಏನಾದ್ರೂ ಹೊಸ ಸುಳ್ಳು ಯೋಚಿಸು ಗಿಳಿ,’ ಎಂದ ಸ್ಟ್ಯಾನ್. ‘ಹಳೇವೆಲ್ಲ ಅವನಿಗೆ ಬಾಯಿಪಾಠ.’

‘ಸುಳ್ಳು ಬೇಡ. ನಿಜ ಹೇಳೋಣ.’

‘ಏನಂದೆ?’

‘ಇಡೀ ದಿನ ಅವನು ಏನು ಕೇಳಿದ್ರೂ ನಿಜ. ಯಾವ ಎರೆ ಅಂದ್ರೆ ಅದೇ ಎರೆ. ಎಷ್ಟು ತೂಕ ಅಂದ್ರೆ ಅಷ್ಟೇ ತೂಕ. ಅವನೇ ಎಲ್ಲಾನೂ ದುಪ್ಪಟ್ಟು ಮಾಡ್ಕೊಂಡು ಹುಚ್ಚು ಹಿಡಿಸ್ಕೊಳ್ತಾನೆ.’

ಸ್ಟ್ಯಾನ್ ಲೋಟ ಕೆಳಗಿಟ್ಟ. ಅವನ ಮುಖದಲ್ಲಿ ನಗು ಒದ್ದೆ ಗಾರೆಯಂತೆ ನಿಧಾನವಾಗಿ ಹರಡಿತು. ‘ಪಾಪಿ ಕಣೋ ನೀನು,’ ಎಂದ. ನನಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿರಲಿಲ್ಲ. ಮರುದಿನವೇ ಹಳೆಯ ಸಾಮಾನಿನ ಅಂಗಡಿಯಿಂದ ಮಕ್ಕಳ ಆಟಿಕೆಯ ಗುಲಾಬಿ ಬಣ್ಣದ ಪುಟ್ಟ ಕೆಟಲೊಂದನ್ನು ತಂದು, ಅದರ ತಳದಲ್ಲಿ ಕಪ್ಪು ಬಣ್ಣದಿಂದ ‘ನೆವಿಲ್ ಕಟ್ಸ್: ನಿಜ ಕೇಳಿ ಸೋತವನು’ ಎಂದು ಅಚ್ಚುಕಟ್ಟಾಗಿ ಬರೆದಿಟ್ಟೆ. ಬಹುಮಾನದ ಹೊತ್ತಿಗೆ ಕೊಡಲಿಕ್ಕೆ.

ಭಾನುವಾರ ಬೆಳಗ್ಗೆ ಗಾಳಿ ಎದ್ದಿತ್ತು. ಕ್ಯಾಂಟೀನಿನ ಮುಂದೆ ಸ್ಟ್ಯಾನ್ ಕರಿ ಕೆಟಲಿನಲ್ಲಿ ಚಹಾ ಮಾಡಿ ಬಗ್ಗಿಸುತ್ತಿದ್ದ. ಅವನ ಚಹಾ ಕುಡಿದವರು ಅವನು ಸೋಲಲಿ ಎಂದು ಬೇಡಿಕೊಳ್ಳುವುದು ಸಹಜ.

ನೆವ್ ಲೋಟವನ್ನು ಮೂಗಿನ ಹತ್ತಿರ ತಂದ. ‘ಇದಕ್ಕೇನು ಹಾಕಿದೀಯಾ?’

‘ಚಹಾಪುಡಿ.’

‘ಮತ್ತೆ?’

‘ನೀರು.’

ನೆವ್ ಅವನ ಮುಖವನ್ನೇ ಒಂದು ಗಳಿಗೆ ನೋಡಿ ಚಹಾವನ್ನು ಹುಲ್ಲಿಗೆ ಚೆಲ್ಲಿದ. ‘ನೀನು ಇಷ್ಟು ನೇರವಾಗಿ ಮಾತಾಡಿದ್ದು ನಾನು ಕೇಳೇ ಇಲ್ಲ. ಬೇರೇನೋ ಇದೆ.’

ಡೊರೀನ್ ಕಿಟಕಿಯಿಂದ ತಲೆ ಹೊರಹಾಕಿದಳು. ‘ನನ್ನ ಹತ್ರ ಬಾ ಚಿನ್ನಾ, ನಾನು ಕೊಡ್ತೀನಿ. ಭುಜ ಹೇಗಿದೆ?’

‘ಯಾವ ಭುಜ?’ ಎಂದು ನೆವ್ ಗುರಾಯಿಸಿದ. ನಾವೆಲ್ಲ ತಟ್ಟನೆ ಮೋಡ ನೋಡತೊಡಗಿದೆವು. ಅದೇ ತಪ್ಪಾಯಿತು. ಅಷ್ಟೂ ಜನ ಒಟ್ಟಿಗೇ ಮೋಡ ನೋಡಿದರೆ ಎಂಥವನಿಗೂ ಅನುಮಾನ ಬರುತ್ತದೆ.

ಚೀಟಿ ಎತ್ತುವಾಗ ನೆವ್ ಅಂಗಿಯ ತೋಳು ಮಡಚಿ ಎಲ್ಲರಿಗೂ ತೋರಿಸಿ ಚೀಲದೊಳಗೆ ಕೈ ಹಾಕಿದ. ದಡದ ಸುತ್ತ ನಂಬರು ಹೊಡೆದ ಗೂಟಗಳಿವೆ, ಬಂದ ನಂಬರಿನ ಗೂಟವೇ ಅವತ್ತಿನ ಮನೆ. ಅವನಿಗೆ ಬಂದದ್ದು ಜೊಂಡಿನ ಪಕ್ಕದ ಗೂಟ. ಎಡಕ್ಕೆ ಸ್ಟ್ಯಾನ್, ಬಲಕ್ಕೆ ನಾನು. ನಾವೂ ಹೀಗೆ ಬಯಸಿರಲಿಲ್ಲ, ಆದರೆ ಬೇಡವೆನ್ನಲೂ ಇಲ್ಲ.

‘ನಿಮ್ಮಿಬ್ಬರ ಮಧ್ಯಕ್ಕೇ ನಾನು ಹೇಗೆ ಬಂದೆ?’

‘ಚೀಲಕ್ಕೆ ಕೈ ಹಾಕಿದ್ದು ನೀನೇ ಮಾರಾಯ,’ ಎಂದೆ.

‘ಅದೇ ನನಗೆ ಅರ್ಥ ಆಗ್ತಿಲ್ಲ,’ ಎಂದ ನೆವ್.

ರೋಗ ಹರಡದಂತೆ ಬಲೆಚೀಲಗಳನ್ನು ಗ್ರೇಟೊರೆಕ್ಸ್ ಔಷಧಿ ನೀರಿನ ತೊಟ್ಟಿಯಲ್ಲಿ ನೆನೆಹಾಕಿರುತ್ತಾನೆ. ಒಬ್ಬೊಬ್ಬರಿಗೆ ಎರಡೆರಡು. ಒಂದು ಚೀಲದಲ್ಲಿ ಐವತ್ತು ಪೌಂಡಿಗಿಂತ ಹೆಚ್ಚು ಮೀನು ತುಂಬುವಂತಿಲ್ಲ. ತುಂಬಿದರೆ ಮೀನು ನಲುಗುತ್ತದೆ, ಹೆಚ್ಚಾದದ್ದು ಲೆಕ್ಕಕ್ಕಿಲ್ಲ. ಮೂರನೆಯದು ಬೇಕಾದವರು ಆಮೇಲೆ ತೊಟ್ಟಿಯ ತನಕ ನಡೆದು ಬಂದು ತೆಗೆದುಕೊಂಡು ಹೋಗಬೇಕು. ನೆವ್ ಮೊದಲೇ ಮೂರು ಎತ್ತಿಕೊಂಡ.

‘ಮೂರು ಯಾಕಯ್ಯಾ?’ ಎಂದು ಗ್ರೇಟೊರೆಕ್ಸ್ ಮೂಗಿನಲ್ಲಿ ಕೇಳಿದ.

‘ಒಂದರಲ್ಲಿ ಯಾರಾದ್ರೂ ತೂತು ಮಾಡಿಟ್ಟಿದ್ರೆ?’

ನಾನೂ ಸ್ಟ್ಯಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನೆವ್ ಮಾತ್ರ ಮೂರೂ ಚೀಲಗಳನ್ನು ಬೆಳಕಿಗೆ ಹಿಡಿದು ಬಲೆಯ ಒಂದೊಂದು ಕಣ್ಣನ್ನೂ ತಪಾಸಣೆ ಮಾಡಿ ಹೊತ್ತುಕೊಂಡು ನಡೆದ.

ಸೀಟಿ ಊದಿದ್ದೇ ತಡ, ದಡದುದ್ದಕ್ಕೂ ಗಳಗಳು ನೀರಿನ ಮೇಲೆ ಚಾಚಿಕೊಂಡವು. ಸ್ಟ್ಯಾನ್‌ನ ಗಾಳದ ದಾರದ ಬೆಂಡು ನೀರು ಮುಟ್ಟಿ ನೆಟ್ಟಗಾಗುವ ಮೊದಲೇ ಮುಳುಗಿತು. ಮೊದಲ ಗೆಂಡೆ, ಹಿಂದೆಯೇ ಎರಡನೆಯದು. ನೆವ್‌ನ ಬೆಂಡು ಧ್ಯಾನಕ್ಕೆ ಕೂತಿತ್ತು. ಕೊನೆಗೆ ತಡೆಯಲಾರದೆ ಕೂಗಿದ:

‘ಸ್ಟ್ಯಾನ್! ಯಾವ ಎರೆ?’

‘ಮೆಕ್ಕೆಜೋಳ!’

ನೆವ್ ಆಗಷ್ಟೇ ಜೋಳದ ಡಬ್ಬಿಗೆ ಕೈ ಹಾಕಿದ್ದ. ಹಾವು ಮುಟ್ಟಿದವನಂತೆ ಕೈ ತೆಗೆದ. ‘ಹಾಗಾದ್ರೆ ಜೋಳ ಅಲ್ಲ,’ ಎಂದು ತನಗೆ ತಾನೇ ಹೇಳಿಕೊಂಡದ್ದು ನನಗೂ ಕೇಳಿಸಿತು. ನನ್ನ ಕಡೆ ತಿರುಗಿದ. ‘ಗಿಳಿ, ಅವನು ನಿಜವಾಗ್ಲೂ ಏನು ಹಾಕ್ತಿದಾನೆ?’

‘ಜೋಳಾನೇ ನೆವ್. ನಾನೂ ಅದೇ.’

‘ಇಬ್ಬರೂ ಒಂದೇ ಮಾತು ಹೇಳ್ತಿದೀರಿ ಅಂದ್ರೆ ಮೊದಲೇ ಮಾತಾಡ್ಕೊಂಡಿದೀರಿ.’ ಜೋಳದ ಡಬ್ಬಿಯ ಮುಚ್ಚಳ ಬಿಗಿಯಾಗಿ ಮುಚ್ಚಿ ಕಾಲ ಕೆಳಗೆ ತಳ್ಳಿದ. ಅವತ್ತು ಗೆಂಡೆಗಳು ಜೋಳ ಬಿಟ್ಟು ಬೇರೇನನ್ನೂ ಮೂಸುತ್ತಿರಲಿಲ್ಲ. ನೆವ್ ಒಂದಾದ ಮೇಲೊಂದು ಎರೆ ಬದಲಿಸುತ್ತ, ಬೆಳಗಿನ ಒಳ್ಳೆಯ ಹೊತ್ತನ್ನೆಲ್ಲ ಕಳೆದ. ಸ್ಟ್ಯಾನ್ ನನಗೆ ದೂರದಿಂದಲೇ ಕಣ್ಣು ಹೊಡೆದ. ಚೇಷ್ಟೆ ನಾವೆಣಿಸಿದ್ದಕ್ಕಿಂತ ಚೆನ್ನಾಗಿ ಹಣ್ಣಾಗುತ್ತಿತ್ತು.

ಆದರೆ ಒಂದು ವಿಚಿತ್ರ ಶುರುವಾಯಿತು. ಇಡೀ ದಡ ನಮ್ಮ ಮಾತು ಕೇಳಿಸಿಕೊಂಡಿತ್ತು. ಸ್ಟ್ಯಾನ್ ನಿಜವಾದ ಎರೆಯ ಹೆಸರು ಕೂಗಿ ಹೇಳಿದ ಎಂದರೆ ಅದರ ಹಿಂದೆ ಏನೋ ಇರಲೇಬೇಕು ಎಂದು ಆಚೆ ಗೂಟದವರೂ ಜೋಳ ಮುಚ್ಚಿಟ್ಟರು. ಒಬ್ಬ ಎದ್ದು ಬಂದು ನನ್ನ ಡಬ್ಬಿ ಇಣುಕಿ ನೋಡಿ, ‘ಮೇಲೆ ಜೋಳ ಇಟ್ಟಿದೀಯಾ, ಸರಿ. ಕೆಳಗೇನಿದೆ?’ ಎಂದ. ಸ್ಟ್ಯಾನ್ ನನ್ನನ್ನೇ ಓರೆಗಣ್ಣಿಂದ ನೋಡತೊಡಗಿದ. ‘ನನಗೂ ನಿಜಾನೇ ಹೇಳ್ತಿದೀಯಾ ತಾನೇ?’ ಎಂದು ನೆವ್‌ನ ತಲೆಯ ಮೇಲಿಂದ ಕೂಗಿದ. ಸುಳ್ಳಿನ ಮೇಲೆ ನೆಮ್ಮದಿಯಾಗಿದ್ದ ದಡ ಒಂದು ಹಿಡಿ ನಿಜ ಬಿದ್ದದ್ದೇ ಕದಡಿಹೋಯಿತು.

ಮಧ್ಯಾಹ್ನ ಬೇಕನ್ ತುಂಬಿದ ಬ್ರೆಡ್ಡು ಕಚ್ಚುತ್ತಾ ನೆವ್ ಮತ್ತೆ ಕೇಳಿದ. ‘ಎಷ್ಟಾಯ್ತು ಸ್ಟ್ಯಾನ್?’

ಸ್ಟ್ಯಾನ್ ಕುತ್ತಿಗೆಗೆ ನೇತುಹಾಕಿಕೊಂಡ ಎಣಿಕೆಯ ಗುಂಡಿ ನೋಡಿಕೊಂಡ. ನಾವೆಲ್ಲರೂ ಹಿಡಿದ ಮೀನಿನ ತೂಕ ಅಂದಾಜಿಸಿ ಆ ಗುಂಡಿ ಒತ್ತುತ್ತ ಹೋಗುತ್ತೇವೆ, ಚೀಲ ಮಿತಿ ಮೀರದಿರಲಿ ಎಂದು. ‘ನಲವತ್ತೈದು,’ ಎಂದ. ಅದು ಅಪ್ಪಟ ನಿಜ.

ನೆವ್‌ನ ದವಡೆ ಅರ್ಧದಲ್ಲೇ ನಿಂತಿತು. ಅವನ ತಲೆಯೊಳಗಿನ ಗುಣಾಕಾರ ನನಗೆ ಹೊರಗಿನಿಂದಲೇ ಕಾಣುತ್ತಿತ್ತು. ತೊಂಬತ್ತು! ಮಧ್ಯಾಹ್ನಕ್ಕೇ ತೊಂಬತ್ತು!

‘ನಿಂದೆಷ್ಟು ಗಿಳಿ?’

‘ಮೂವತ್ತು.’

ಅಂದರೆ ಅರವತ್ತು. ನೆವ್ ಬ್ರೆಡ್ಡನ್ನು ಬಾತುಕೋಳಿಗಳಿಗೆ ಎಸೆದ.

‘ನಿಂದೆಷ್ಟು ನೆವ್?’ ಎಂದು ಸ್ಟ್ಯಾನ್ ಸಕ್ಕರೆಯಂಥ ದನಿಯಲ್ಲಿ ಕೇಳಿದ.

‘ನಾಲ್ಕು ಬಾಲ,’ ಎಂದ ನೆವ್. ಅಷ್ಟು ಹೊತ್ತಿಗೆ ಅದು ನಿಜವೇ ಆಗಿತ್ತು, ಪಾಪ.

ಆಮೇಲೆ ಅವನು ಮಾಡಿದ್ದು ನೋಡಿ ನಮಗೆ ಅವನ ಕಥೆ ಮುಗಿಯಿತು ಅನ್ನಿಸಿತು. ಉದ್ದದ ಗಳ ಮಡಚಿಟ್ಟು, ಗಿಡ್ಡ ಗಳ ತೆಗೆದು, ಕಾಲಬುಡದ ದಡದಂಚಿಗೇ ಗಾಳ ಇಳಿಬಿಟ್ಟ. ದಡದಂಚಿನ ಆಟ ಕೊನೆಯ ಹೊತ್ತಿನದು. ಹೊತ್ತು ಇಳಿದು ಸದ್ದಡಗಿದ ಮೇಲೆ ದೊಡ್ಡ ಗೆಂಡೆಗಳು ಅಂಚಿಗೆ ಬರುತ್ತವೆ ಎಂದು ಎಲ್ಲರೂ ಅದನ್ನು ಕಾದಿರಿಸುತ್ತಾರೆ. ನಡುಮಧ್ಯಾಹ್ನ ಅಲ್ಲಿ ಗಾಳ ಹಾಕುವುದೆಂದರೆ ಕೈಚೆಲ್ಲಿದಂತೆ. ಅದೂ ಸಾಲದೆಂದು, ಉಳಿದದ್ದೆಲ್ಲ ದಂಡವೆಂಬಂತೆ, ಮುಚ್ಚಿಟ್ಟಿದ್ದ ಜೋಳದ ಡಬ್ಬಿಯನ್ನು ಇಡಿಯಾಗಿ ಆ ಅಂಚಿಗೆ ಸುರಿದುಬಿಟ್ಟ.

‘ಮುಗೀತು,’ ಎಂದು ಸ್ಟ್ಯಾನ್ ನನ್ನತ್ತ ಸದ್ದಿಲ್ಲದೆ ತುಟಿ ಆಡಿಸಿದ.

ಜೊಂಡಿನ ಮರೆಯಲ್ಲಿ ನೆವ್ ನಮಗೆ ಅರ್ಧವಷ್ಟೇ ಕಾಣುತ್ತಿದ್ದ. ಆದರೆ ಚೆನ್ನಾಗಿ ಕೇಳಿಸುತ್ತಿದ್ದ. ‘ಅಯ್ಯೋ! ಹೋಯ್ತು!’ ಎಂಬ ಕೂಗು. ಸ್ವಲ್ಪ ಹೊತ್ತಿಗೆ ‘ಥೂ! ಗಾಳ ಕಿತ್ಕೊಂಡ್ತು!’ ಮತ್ತೆ ನೀರಿನ ಸದ್ದು, ಮತ್ತೆ ‘ದೇವರೇ, ಇದೂ ಹೋಯ್ತಲ್ಲೋ!’ ಆ ದನಿಯಲ್ಲಿ ಎಂಥ ಸಂಕಟವಿತ್ತೆಂದರೆ ನಾನೂ ಒಂದು ಕ್ಷಣ ಗಳ ನಿಲ್ಲಿಸಿ ಆ ಕಡೆ ಕತ್ತು ಚಾಚಿದೆ. ಕ್ಯಾಂಟೀನಿನಿಂದ ಡೊರೀನ್, ‘ಭುಜದ ನೋವಿಗೆ ಹಿಡಿತ ನಿಲ್ತಿಲ್ಲ ಪಾಪ,’ ಎಂದು ಯಾರಿಗೋ ಹೇಳಿದಳು.

ಹೊತ್ತು ಇಳಿಯುವಾಗ ಅವನನ್ನು ಕೇಳಿದೆ. ‘ಎಷ್ಟಾಯ್ತು ನೆವ್?’

‘ಎಲ್ಲಾ ಕಳ್ಕೊಂಡೆ ಗಿಳಿ. ಇಪ್ಪತ್ತೈದು ಇದ್ರೆ ಪುಣ್ಯ.’

ಇಪ್ಪತ್ತೈದು, ಅಂದರೆ ಐವತ್ತು. ಅದನ್ನು ಸ್ಟ್ಯಾನ್‌ಗೆ ಸನ್ನೆಯಲ್ಲಿ ದಾಟಿಸಿದೆ. ಸ್ಟ್ಯಾನ್‌ನ ಮೊದಲ ಚೀಲ ತುಂಬಿ, ಎರಡನೆಯದೂ ಮಿತಿಯ ಹತ್ತಿರ ಬಂದಿತ್ತು. ಮೂರನೆಯ ಚೀಲಕ್ಕೆ ತೊಟ್ಟಿಯ ತನಕ ನಡೆಯಬೇಕು. ಸ್ಟ್ಯಾನ್ ತೊಟ್ಟಿಯ ಕಡೆ ನೋಡಿದ, ತನ್ನ ಕಾಲು ನೋಡಿದ, ನೆವ್‌ನ ಕಡೆ ನೋಡಿದ.

‘ಐವತ್ತು ಅಂದ್ಯಾ?’

‘ಐವತ್ತು.’

‘ಹಾಗಾದ್ರೆ ಯಾವನು ನಡೀತಾನೆ,’ ಎಂದು ಇನ್ನೊಂದು ದಪ್ಪ ಗೆಂಡೆಯನ್ನು ಎರಡನೆಯ ಚೀಲಕ್ಕೇ ಇಳಿಸಿದ. ಅದರ ಹಿಂದೆ ಮತ್ತೊಂದು ಬಂತು, ಅದಕ್ಕೂ ಅದೇ ಗತಿ.

ಸೀಟಿಯಾಯಿತು. ಗ್ರೇಟೊರೆಕ್ಸ್ ಮೂರು ಕಾಲಿನ ತಕ್ಕಡಿ ಹೊತ್ತುಕೊಂಡು ಆಚೆ ತುದಿಯಿಂದ ತೂಗುತ್ತ ಬಂದ. ಅವನ ಹಿಂದೆ ಮದುವೆ ದಿಬ್ಬಣದಂತೆ ಉಳಿದವರೆಲ್ಲ. ನನ್ನದು ಎಪ್ಪತ್ತರ ಆಸುಪಾಸು. ಹಾಗಾದರೆ ನಾನು ಆಗಲೇ ನೆವ್‌ನ ಮುಂದೆ ಎಂದುಕೊಂಡು ಎದೆಯುಬ್ಬಿಸಿ ನಿಂತೆ. ಸ್ಟ್ಯಾನ್ ಆತುರಗಾರ. ‘ನೆವ್‌ದು ಕೊನೇಗಿರಲಿ, ಮೊದಲು ನಂದು ತೂಗಿ’ ಎಂದು ಗ್ರೇಟೊರೆಕ್ಸ್‌ನನ್ನು ತನ್ನ ಗೂಟಕ್ಕೆ ಎಳೆದುಕೊಂಡು ಹೋದ. ಮೊದಲ ಚೀಲ ನಲವತ್ತೊಂಬತ್ತು. ಎರಡನೆಯದನ್ನು ತಕ್ಕಡಿಗೆ ಹಾಕಿದಾಗ ಮುಳ್ಳು ಐವತ್ತು ದಾಟಿ ಐವತ್ತೆಂಟಕ್ಕೆ ಹೋಗಿ ನಿಂತಿತು.

‘ಎಂಟು ಹೆಚ್ಚು. ಲೆಕ್ಕಕ್ಕಿಲ್ಲ,’ ಎಂದ ಗ್ರೇಟೊರೆಕ್ಸ್. ‘ಒಟ್ಟು ತೊಂಬತ್ತೊಂಬತ್ತು.’

‘ಹೋಗ್ಲಿ ಬಿಡಿ,’ ಎಂದು ಸ್ಟ್ಯಾನ್ ನಗುತ್ತಲೇ ಅಂದ. ‘ಮುಂದಿನ ವರ್ಷಾನೂ ನನ್ನ ಚಹಾನೇ ಕುಡೀರಿ.’

ನೆವ್ ಜೊಂಡಿನ ಬುಡದಿಂದ ಮೊದಲ ಚೀಲ ಎಳೆದ. ಎಡಗೈಯಲ್ಲಿ ಎಳೆಯಲಾಗದೆ ಇಬ್ಬರು ಕೈ ಕೊಟ್ಟರು. ನಲವತ್ತಾರು. ಸ್ಟ್ಯಾನ್‌ನ ಒದ್ದೆ ಗಾರೆಯ ನಗು ಸ್ವಲ್ಪ ಗಟ್ಟಿಯಾಯಿತು. ನೆವ್ ಎರಡನೆಯದನ್ನು ಎತ್ತಿದ. ನಲವತ್ತಮೂರು. ಗಾರೆ ಒಣಗಿ ಬಿರುಕು ಬಿಟ್ಟಿತು. ನೆವ್ ಮೂರನೆಯದಕ್ಕೆ ಬಗ್ಗಿದ. ತೂತಿನ ಭಯಕ್ಕೆ ತಂದಿದ್ದ ಆ ಚೀಲದಲ್ಲಿ ಎರಡೇ ಎರಡು ಗೆಂಡೆ ಇದ್ದವು, ಒಂದೊಂದೂ ದಿಂಬಿನಷ್ಟು ದಪ್ಪ. ಹದಿನೈದು.

ಒಟ್ಟು ನೂರನಾಲ್ಕು.

ಗಾಳಿ ನಮ್ಮ ದಡದ ಕಡೆಗೇ ಬೀಸುತ್ತಿತ್ತೆಂದು ಆಗಷ್ಟೇ ನನಗೆ ಹೊಳೆಯಿತು. ತೇಲುವ ತಿನಿಸನ್ನೂ ಅದರ ಹಿಂದೆ ದೊಡ್ಡ ಗೆಂಡೆಗಳನ್ನೂ ಅದು ಬೆಳಗಿನಿಂದಲೇ ಅವನ ಕಾಲಬುಡಕ್ಕೆ ತಂದು ಸುರಿದಿತ್ತು. ನಾವು ಹೆದರಿಸಿ ಅಲ್ಲಿಗೆ ಓಡಿಸದಿದ್ದರೆ ಅವನು ಸಂಜೆಯ ತನಕ ಆ ಕಡೆ ನೋಡುತ್ತಲೇ ಇರಲಿಲ್ಲ.

‘ಇಪ್ಪತ್ತೈದು ಅಂದ್ಯಲ್ಲೋ ಕಳ್ಳಾ!’ ಎಂದು ನಾನು ಕಿರುಚಿದೆ. ‘ಅರ್ಧ ಹೇಳೋದು ಪದ್ಧತಿ. ಕಾಲು ಭಾಗ ಹೇಳೋದು ಯಾವ ನ್ಯಾಯ?’

‘ನೀವು ಅಷ್ಟು ದೊಡ್ಡ ಸುಳ್ಳು ಹೇಳುವಾಗ ನಾನು ಸಣ್ಣದು ಹೇಳ್ಲಾ?’ ಎಂದ ನೆವ್.

‘ಮತ್ತೆ ಆ ಅಯ್ಯೋ ಹೋಯ್ತು, ದೇವರೇ ಹೋಯ್ತು?’

‘ಮಿಮಿಕ್ರಿ ಏನು ನಿನ್ನಪ್ಪನ ಆಸ್ತೀನಾ?’

ಅಲ್ಲಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಗ್ರೇಟೊರೆಕ್ಸ್ ಕರಿ ಕೆಟಲನ್ನು ತಂದು ಅವನ ಮುಂದೆ ಹಿಡಿದ. ನೆವ್ ಕೈ ಚಾಚಿದ. ಚಾಚಿದ ಕೈ ಅರ್ಧದಲ್ಲೇ ನಿಂತಿತು. ಅವನ ಕಣ್ಣು ಸ್ಟ್ಯಾನ್‌ನ ಎರಡನೆಯ ಚೀಲದ ಮೇಲಿತ್ತು.

‘ಸ್ಟ್ಯಾನ್,’ ಎಂದ ಮೆಲ್ಲಗೆ. ‘ನೀನು ಯಾವತ್ತಾದ್ರೂ ಮಿತಿ ಮೀರಿದ್ದುಂಟಾ?’

‘ಇಲ್ಲ.’

‘ಆ ಎಂಟು ಪೌಂಡು ಇದ್ದಿದ್ರೆ ನೀನೇ ಗೆಲ್ತಿದ್ದೆ.’

‘ನನಗೆ ಲೆಕ್ಕ ಬರುತ್ತೆ, ಗಾಯಕ್ಕೆ ಉಪ್ಪು ಸವರಬೇಡ.’

‘ಗುಂಡಿ ಒತ್ತಿ ಒತ್ತಿ ಲೆಕ್ಕ ಇಡೋನು ಇವತ್ತೇ ಮರೆತೆಯಾ? ನನ್ನ ಕೊನೇ ಪಂದ್ಯದ ದಿನವೇ?’ ಅವನ ಮುಖ ಬಿಳಚಿಕೊಂಡಿತ್ತು. ‘ಡೊರೀನ್ ಹೇಳಿದಾಳೆ. ನಿಮಗೆಲ್ಲ ಗೊತ್ತು. ಬೆಳಗ್ಗೆ ಎಲ್ಲರೂ ಮೋಡ ನೋಡಿದಾಗಲೇ ಅಂದ್ಕೊಂಡೆ. ಬೇಕಂತ ತುಂಬಿದೆ ನೀನು.’

‘ಸತ್ಯವಾಗ್ಲೂ ಇಲ್ಲ ನೆವ್! ಸೋಮಾರಿತನ ಕಣೋ! ನಡೆಯೋಕೆ ಬೇಜಾರಾಯ್ತು!’

‘ಬೆಳಗ್ಗಿಂದ ಸತ್ಯ ಸತ್ಯ ಅಂತಾನೇ ಇದೀಯಾ,’ ಎಂದ ನೆವ್. ಕೆಟಲನ್ನು ತೆಗೆದುಕೊಂಡ. ಮನೆಗಲ್ಲ, ನೀರಿನ ಅಂಚಿಗೆ. ಎಡಗೈಯಲ್ಲಿ ಹಿಡಿಕೆ ಹಿಡಿದು ತೋಳು ಹಿಂದಕ್ಕೆ ಬೀಸಿದ. ಡೊರೀನ್ ಬಾಯಿಗೆ ಸೆರಗಿನಂತೆ ಏಪ್ರನ್ ಒತ್ತಿಕೊಂಡಳು. ಇಷ್ಟು ವರ್ಷ ಅವನು ಬಯಸಿದ ಒಂದೇ ಒಂದು ವಸ್ತು, ಕೈಯಲ್ಲಿದ್ದೂ ಅವನದಾಗಿರಲಿಲ್ಲ. ಇನ್ನು ಮುಂದೆ ಆಗುವಂತೆಯೂ ಕಾಣಲಿಲ್ಲ.

‘ನಿಲ್ಲು!’ ಎಂದೆ. ಗಾಬರಿಯಲ್ಲಿ ಬಂದದ್ದು ಗ್ರೇಟೊರೆಕ್ಸ್‌ನ ದನಿ. ನೆವ್ ಗ್ರೇಟೊರೆಕ್ಸ್‌ನ ಕಡೆ ತಿರುಗಿದ. ಗ್ರೇಟೊರೆಕ್ಸ್ ‘ನಾನಲ್ಲ’ ಎಂದು ಕೈಯಾಡಿಸಿದ. ಆ ಗೊಂದಲ ಸಾಕಾಯಿತು. ನಾನು ಕಾರಿಗೆ ಓಡಿ, ಆ ಗುಲಾಬಿ ಆಟಿಕೆ ಕೆಟಲನ್ನು ತಂದು ಅವನ ಮೂಗಿನ ಕೆಳಗೆ ಹಿಡಿದೆ.

‘ಇದನ್ನ ಓದು. ಇವತ್ತು ನಿನಗೆ ಕೊಡಬೇಕು ಅಂತಿದ್ದದ್ದು ಇದು.’

ನೆವ್ ಕರಿ ಕೆಟಲನ್ನು ಕಂಕುಳಲ್ಲಿ ಇರುಕಿಕೊಂಡು ಗುಲಾಬಿಯದನ್ನು ತೆಗೆದುಕೊಂಡ. ತಿರುವಿ ತಳ ನೋಡಿದ. ‘ನೆವಿಲ್ ಕಟ್ಸ್: ನಿಜ ಕೇಳಿ ಸೋತವನು.’ ಒಮ್ಮೆ ಓದಿದ. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದ. ಬಸ್ಸಿನಲ್ಲಿ ಹಳೆಯ ಟಿಕೆಟ್ ಸಿಕ್ಕಾಗ ನೋಡುತ್ತಿದ್ದನಲ್ಲ, ಹಾಗೆ ಬೆಳಕಿಗೆ ಹಿಡಿದ. ಅಕ್ಷರವನ್ನು ಉಗುರಿನಿಂದ ಕೆರೆದ. ಬಣ್ಣ ಏಳಲಿಲ್ಲ. ಮೂಸಿದ.

‘ಈಗ ಬರೆದದ್ದಲ್ಲ,’ ಎಂದ. ‘ಚೆನ್ನಾಗಿ ಒಣಗಿದೆ.’

‘ಗುರುವಾರ ಬರೆದೆ.’

‘ನಿಜ ಅಂದ್ರೆ ಏನು?’

ಹೇಳಿದೆವು. ಜೋಳ ನಿಜ, ನಲವತ್ತೈದು ನಿಜ, ಚಹಾದ ನೀರೂ ನಿಜ. ನೀನು ಎಲ್ಲವನ್ನೂ ದುಪ್ಪಟ್ಟು ಮಾಡಿಕೊಂಡು ದಿಕ್ಕು ತಪ್ಪಲಿ ಎಂದು ಇಡೀ ದಿನ ಒಂದೇ ಒಂದು ಸುಳ್ಳಾಡದೆ ಕೂತಿದ್ದೆವು ಎಂದೆವು. ನೆವ್ ನಮ್ಮಿಬ್ಬರ ಮುಖವನ್ನೂ ಸರದಿಯಂತೆ ತಪಾಸಣೆ ಮಾಡಿದ.

‘ಅಂದ್ರೆ... ನಾನು ಸೋಲ್ಬೇಕು ಅಂತ ಇದ್ದದ್ದು ನಿಮ್ಮಾಸೆ?’

‘ಹೂಂ ಮಾರಾಯ,’ ಎಂದ ಸ್ಟ್ಯಾನ್, ಅಳುವವನಂತೆ.

‘ಭುಜದ ವಿಷಯ ಗೊತ್ತಿದ್ದೂ?’

‘ಗೊತ್ತಿದ್ದೂ.’

‘ಮನಸಾರೆ?’

‘ಮನಸಾರೆ ಕಣೋ! ಈಗ್ಲೂ ಹೊಟ್ಟೆ ಉರೀತಿದೆ! ನನ್ನ ಮುಖ ನೋಡು, ಇದು ಬಿಟ್ಟುಕೊಟ್ಟವನ ಮುಖಾನಾ?’

ನೆವ್ ನೋಡಿದ. ಸ್ಟ್ಯಾನ್‌ನ ಆ ದೊಡ್ಡ ಮುಖ ಕೆಂಪಾಗಿ, ತುಟಿ ಜೋತು, ಕೆಟಲನ್ನೇ ನೋಡುತ್ತಿತ್ತು. ಅಷ್ಟು ಅಪ್ಪಟ ಹೊಟ್ಟೆಕಿಚ್ಚನ್ನು ಯಾವ ಮಿಮಿಕ್ರಿಯವನೂ ಮಾಡಿ ತೋರಿಸಲಾರ. ನೆವ್‌ನ ಬಾಯಿಯ ಒಂದು ಮೂಲೆ ಅಲುಗಿತು. ಇನ್ನೊಂದು ಮೂಲೆಯೂ ಅಲುಗಿತು. ಮೊದಲು ಡೊರೀನ್ ನಕ್ಕಳು, ಆಮೇಲೆ ಗ್ರೇಟೊರೆಕ್ಸ್ ಮೂಗಿನಲ್ಲಿ, ಆಮೇಲೆ ದಡದವರೆಲ್ಲ. ಆದರೆ ಅವರೆಲ್ಲರನ್ನೂ ಮುಳುಗಿಸಿ, ಒಂದು ಕಂಕುಳಲ್ಲಿ ಕರಿ ಕೆಟಲು, ಒಂದು ಕೈಯಲ್ಲಿ ಗುಲಾಬಿ ಕೆಟಲು ಹಿಡಿದು, ನೋಯುವ ಭುಜ ಕುಲುಕಿದಾಗಲೆಲ್ಲ ‘ಅಮ್ಮಾ’ ಅನ್ನುತ್ತ, ‘ಮನಸಾರೆ ಅಂತೆ! ಮನಸಾರೆ!’ ಎಂದು ನೆವ್ ನಕ್ಕ ನಗೆಗೆ ಜೊಂಡಿನೊಳಗಿನ ಬಾತುಕೋಳಿಗಳೆಲ್ಲ ಎದ್ದು ಆಚೆ ದಡಕ್ಕೆ ಹಾರಿಹೋದವು.